ಕಪ್ಪು ಬಳಿಯೋಕೆ ಬರುತ್ತೆ, ಕಪ್ಪು ಹುಡುಗಿಗೆ ಪಾತ್ರ ಕೊಡೋಕೆ ಬರಲ್ಲ



ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ. ವಿಷಯ ಸೀರಿಯಲ್ಲು. "ಒಳಮೀಸಲಾತಿ, ಭೂಮಿ, ದೌರ್ಜನ್ಯ ಅಂತ ಬರೀತಿದ್ದ ಮನುಷ್ಯ ಈಗ ಸೀರಿಯಲ್ ಹಿಂದೆ ಬಿದ್ದನಲ್ಲಪ್ಪ" ಅಂತ ಕೆಲವರು ನಗಬಹುದು. ನಗ್ರಿ, ಪರವಾಗಿಲ್ಲ. ಪೂರ್ತಿ ಓದಿ ಆಮೇಲೆ ನಗ್ರಿ.

ನಮ್ಮದು ಕೋಲಾರ ಜಿಲ್ಲೆಯ ಗಡಿ ಊರು. ಮನೆಮಾತು ತೆಲುಗು, ಶಾಲೆಮಾತು ಕನ್ನಡ, ಜಗಳಕ್ಕೆ ಎರಡೂ. ಕೆಲವು ವರ್ಷ ನಮ್ಮ ಕಾಲೋನಿಯಲ್ಲಿ ಸಂಜೆ ಏಳೂವರೆ ಆಯ್ತು ಅಂದರೆ ಗಂಡಸರಿಗೆ ಮುದ್ದೆ ಸಿಗುತ್ತಿರಲಿಲ್ಲ. ಸ್ಟಾರ್ ಮಾ ಚಾನೆಲ್ಲಿನಲ್ಲಿ 'ಕಾರ್ತೀಕ ದೀಪಂ' ಶುರುವಾಗುತ್ತಿತ್ತು. 2017ರ ಅಕ್ಟೋಬರಿನಲ್ಲಿ ಶುರುವಾದದ್ದು 2023ರ ಜನವರಿವರೆಗೆ ಓಡಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಎಪಿಸೋಡು.

ನೋಡದವರಿಗೆ ಕಥೆ ಎರಡೇ ಸಾಲಿನಲ್ಲಿ ಹೇಳ್ತೀನಿ. ದೀಪ ಅನ್ನೋ ಕಪ್ಪು ಹುಡುಗಿ. ಗಂಡ ಡಾಕ್ಟರ್ ಕಾರ್ತೀಕ್. ಅತ್ತೆಗೆ ಕಪ್ಪು ಸೊಸೆ ಅಂದರೆ ಆಗಲ್ಲ. ಯಾರೋ ಹೂಡಿದ ಸಂಚಿಗೆ ಬಿದ್ದು ಗಂಡ ಅನುಮಾನ ಪಟ್ಟು ಹೆಂಡತಿಯನ್ನ ದೂರ ಮಾಡ್ತಾನೆ. ಅವಳು ಅಡುಗೆ ಮಾಡಿ ಮಾರಿ ಮಗಳನ್ನ ಸಾಕ್ತಾಳೆ. ಅದಕ್ಕೇ ಊರೆಲ್ಲ ಅವಳಿಗೆ ವಂಟಲಕ್ಕ ಅಂತಾರೆ, ಅಂದರೆ ಅಡುಗೆಯಕ್ಕ.

ನಮ್ಮಮ್ಮ ಈ ವಂಟಲಕ್ಕನ ಜೊತೆ ಐದು ವರ್ಷ ಅತ್ತಿದ್ದಾಳೆ. 2022ರ ಮಾರ್ಚಿನಲ್ಲಿ ವಂಟಲಕ್ಕನನ್ನೂ ಡಾಕ್ಟರ್ ಬಾಬುವನ್ನೂ ಸೀರಿಯಲ್ಲಿನಲ್ಲಿ ಸಾಯಿಸಿಬಿಟ್ಟರು. ಅವತ್ತು ಅಮ್ಮ ಊಟ ಬಿಟ್ಟಳು. ಕೆಲವೇ ತಿಂಗಳಲ್ಲಿ ಇಬ್ಬರೂ ಬದುಕಿ ಬಂದರು ಅನ್ನೋದು ಬೇರೆ ಮಾತು. ನಾನು ರೇಗಿಸುತ್ತಿದ್ದೆ. ಅಮ್ಮ ಒಂದು ದಿನ ಹೇಳಿದಳು: "ನಿಮ್ಮಪ್ಪನ ಮನೆಗೆ ಬಂದಾಗ ನಿಮ್ಮಜ್ಜಿ ನನ್ನ ಹೆಸರು ಹಿಡಿದು ಕರೀಲಿಲ್ಲ ಕಣೋ ಎರಡು ವರ್ಷ. ಕರ್ರೋಳು ಅಂತಾನೇ ಕರೆದಳು." ನನಗೆ ಐವತ್ತು ದಾಟಿದೆ. ಆ ಮಾತು ಅಮ್ಮನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಸಂಘಟನೆಯ ಸಭೆಗಳಲ್ಲಿ ಊರೂರು ಸುತ್ತಿ ಸ್ವಾಭಿಮಾನದ ಭಾಷಣ ಮಾಡಿದ ನನಗೆ ಹೇಳದ ಮಾತನ್ನ ಅಮ್ಮ ಒಂದು ಸೀರಿಯಲ್ ನೆಪದಲ್ಲಿ ಹೇಳಿದಳು. ಅವತ್ತಿನಿಂದ ನಾನು ಸೀರಿಯಲ್ ನೋಡೋ ಹೆಂಗಸರನ್ನ ಆಡಿಕೊಳ್ಳೋದು ಬಿಟ್ಟೆ.

ಅದಾದ ಸ್ವಲ್ಪ ದಿನಕ್ಕೆ ನಮ್ಮಕ್ಕನ ಮಗಳು ಬೆಂಗಳೂರಿಂದ ಬಂದಿದ್ದಳು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, "ಅಜ್ಜಿ, ಇವರು ಯಾರು ಹೇಳು ನೋಡೋಣ" ಅಂದಳು. ಬೆಳ್ಳಗಿನ ಹೆಂಗಸು, ಪಟ್ಟೆ ಸೀರೆ. ಅಮ್ಮನಿಗೆ ಗುರುತು ಸಿಗಲಿಲ್ಲ. "ಇವರೇ ಅಜ್ಜಿ ನಿನ್ನ ವಂಟಲಕ್ಕ. ದಿನಾ ಕಪ್ಪು ಮೇಕಪ್ ಹಾಕಿ ಶೂಟಿಂಗ್ ಮಾಡ್ತಾರೆ."

ಅಮ್ಮ ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ನೋಡಿದಳು. ಆಮೇಲೆ ಕೇಳಿದಳು: "ಯಾಕೆ, ಕಪ್ಪಗಿರೋರು ಯಾರೂ ಸಿಗಲಿಲ್ವಂತಾ?"

ಈ ಪೋಸ್ಟಿನ ಪ್ರಶ್ನೆ ಅಷ್ಟೇ. ನನ್ನದಲ್ಲ, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮಮ್ಮನದು.

ಆ ನಟಿಯ ಹೆಸರು ಪ್ರೇಮಿ ವಿಶ್ವನಾಥ್. ಕೇರಳದವರು. 2014ರಲ್ಲಿ ಏಷ್ಯಾನೆಟ್ ಚಾನೆಲ್ಲಿನ 'ಕರುತ್ತಮುತ್ತ್' ಸೀರಿಯಲ್ಲಿನಿಂದ ಹೆಸರು ಮಾಡಿದರು. ಅಲ್ಲೂ ಕಪ್ಪು ಹುಡುಗಿಯ ಪಾತ್ರ, ಅಲ್ಲೂ ಕಪ್ಪು ಮೇಕಪ್ಪು. ನಡುವೆ ಆ ಪಾತ್ರಕ್ಕೆ ಬೇರೆ ನಟಿ ಬಂದರು. ಸೀರಿಯಲ್ ನಟಿಯರ ಬದುಕೇ ಹಾಗೆ, ಇವತ್ತು ಮನೆಮಗಳು, ನಾಳೆ "ಇನ್ನು ಮುಂದೆ ಈ ಪಾತ್ರದಲ್ಲಿ" ಅಂತ ಬೇರೆ ಮುಖ. ಅದೇ ಕಥೆ ತೆಲುಗಿಗೆ ಹೋದಾಗ ಅದೇ ಪಾತ್ರಕ್ಕೆ ಅವರನ್ನೇ ಕರೆದರು. 'ಕಾರ್ತೀಕ ದೀಪಂ' ವರ್ಷಗಟ್ಟಲೆ ತೆಲುಗು ಟಿಆರ್‌ಪಿ ಪಟ್ಟಿಯ ತುದಿಯಲ್ಲಿ ಕೂತಿತ್ತು. 2024ರಲ್ಲಿ ಎರಡನೇ ಭಾಗ ಬಂತು, ಮತ್ತೆ ಅವರೇ ದೀಪ. ಹತ್ತು ವರ್ಷದ ವೃತ್ತಿಬದುಕಿನ ದೊಡ್ಡ ಪಾಲು ಒಂದು ಬಣ್ಣದ ಡಬ್ಬಿಯ ಮೇಲೆ ನಿಂತಿದೆ.

ಆಯಮ್ಮನ ಮೇಲೆ ನನಗೇನೂ ಸಿಟ್ಟಿಲ್ಲ. ಭಾಷೆ ಬೇರೆ, ಊರು ಬೇರೆ, ಮನೆ ಬಿಟ್ಟು ಬಂದು ದಿನಗಟ್ಟಲೆ ಲೈಟಿನ ಕೆಳಗೆ ನಿಂತು ದುಡಿದು ಅನ್ನ ತಿಂದವರು. ಚೆನ್ನಾಗಿ ನಟಿಸಿದ್ದಾರೆ, ಇಲ್ಲದಿದ್ದರೆ ನಮ್ಮಮ್ಮ ಐದು ವರ್ಷ ಅಳ್ತಿರಲಿಲ್ಲ. ನನ್ನ ಜಗಳ ಆ ಡಬ್ಬಿ ಕೈಗೆ ಕೊಟ್ಟವರ ಜೊತೆ.

ಯಾಕಂದ್ರೆ ಇದು ಒಂದು ಸೀರಿಯಲ್ಲಿನ ಕಥೆ ಅಲ್ಲ. ಇದೇ ಕಥೆ ಕನ್ನಡದಲ್ಲಿ 2018ರಲ್ಲಿ ಸ್ಟಾರ್ ಸುವರ್ಣದ 'ಮುದ್ದುಲಕ್ಷ್ಮಿ' ಆಯ್ತು. ತಮಿಳಿನಲ್ಲಿ 'ಭಾರತಿ ಕಣ್ಣಮ್ಮ' ಆಯ್ತು. ಮರಾಠಿಯಲ್ಲಿ 'ರಂಗ್ ಮಾಝಾ ವೇಗಳಾ', ಅಲ್ಲಿ ರೇಷ್ಮಾ ಶಿಂದೆ ಅನ್ನೋ ನಟಿಗೆ ಕಪ್ಪು ಬಳಿದರು. ಬಂಗಾಳಿಗೂ ಹೋಯ್ತು. ಹೆಚ್ಚುಕಡಿಮೆ ಇಡೀ ದೇಶ ಒಬ್ಬ ಕಪ್ಪು ಹೆಣ್ಣಿನ ಕಣ್ಣೀರು ನೋಡಿ ಕಣ್ಣೊರೆಸಿಕೊಂಡಿತು. ಆದರೆ ಆ ಕಣ್ಣೀರಿಗೆ ಕೂಲಿ ಕೊಡೋವಾಗ ಬಿಳಿ ಕೆನ್ನೆ ಹುಡುಕಿದರು.

"ಕಪ್ಪಗಿರೋ ನಟಿಯರು ಸಿಗಲ್ಲ ಸರ್" ಅಂತಾರೆ. ಹೈದರಾಬಾದಿನ ಸೀರಿಯಲ್ಲಿಗೆ ಕೇರಳದಿಂದ ನಾಯಕಿ ತರೋಕೆ ಆಗುತ್ತೆ. ಅದೇ ಸೀರಿಯಲ್ಲಿನ ಖಳನಾಯಕಿ ಮೋನಿತಾ ಪಾತ್ರಕ್ಕೆ ನಮ್ಮ 'ಅಗ್ನಿಸಾಕ್ಷಿ'ಯ ಶೋಭಾ ಶೆಟ್ಟಿಯವರನ್ನ ಬೆಂಗಳೂರಿಂದ ಕರೆಸೋಕೆ ಆಗುತ್ತೆ. ಮೂರು ರಾಜ್ಯ ಜಾಲಾಡೋರಿಗೆ, ಈ ದಕ್ಷಿಣ ಭಾರತದಲ್ಲಿ, ನಮ್ಮ ದಕ್ಷಿಣ ಭಾರತದಲ್ಲಿ, ಕಪ್ಪು ಹುಡುಗಿ ಸಿಗಲಿಲ್ಲ. ನಂಬೋಣವಾ?

ನಾನು ನಂಬಲ್ಲ. ಯಾಕಂದ್ರೆ ಒಬ್ಬಳು ನಮ್ಮನೇಲೇ ಇದ್ದಾಳೆ.

ಅಕ್ಕನ ಮಗಳ ಹೆಸರು ಇಲ್ಲಿ ಹಾಕಲ್ಲ, ಅವಳ ಹೊಟ್ಟೆಪಾಡಿನ ಪ್ರಶ್ನೆ. ಬಿ.ಎ. ಮಾಡಿದ್ದಾಳೆ. ಚಿಕ್ಕವಳಿದ್ದಾಗ ಹುಣ್ಣಿಮೆ ರಾತ್ರಿ ನನ್ನ ಗಾಡಿ ಹಿಂದೆ ಕೂತು ಆದಿಮಕ್ಕೆ ಬರೋಳು. ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕೋಲಾರದ ಬೆಟ್ಟದ ಮೇಲೆ ಕಟ್ಟಿದ ಆ ಜಾಗದಲ್ಲಿ ಹುಣ್ಣಿಮೆ ಹಾಡು ನಡೆಯುತ್ತಲ್ಲ, ಅಲ್ಲಿ ನಾಟಕ ನೋಡಿ ನೋಡಿ ಹುಚ್ಚು ಹತ್ತಿತು. ಆಮೇಲೆ ಒಂದು ವರ್ಷ ರಂಗತರಬೇತಿ. ತಮಟೆ ಬಾರಿಸ್ತಾಳೆ, ಹಾಡ್ತಾಳೆ, ತೆಲುಗು, ಕನ್ನಡ, ತಮಿಳು ಮೂರೂ ಸಲೀಸು. ಬಣ್ಣ ನಮ್ಮಮ್ಮನದೇ.

ನಾಲ್ಕು ವರ್ಷದ ಹಿಂದೆ ಒಬ್ಬ ಕೋಆರ್ಡಿನೇಟರ್ ಫೋನ್ ಮಾಡಿ, "ಹೊಸ ಸೀರಿಯಲ್ ಬರ್ತಿದೆಯಮ್ಮ, ಡಸ್ಕಿ ಹೀರೋಯಿನ್ ಬೇಕಂತೆ, ನಿನಗೇ ಹೇಳಿ ಮಾಡಿಸಿದ ಪಾತ್ರ" ಅಂದಿದ್ದಾನೆ. ಡಸ್ಕಿ ಅಂದರೆ ಅವರ ಲೆಕ್ಕದಲ್ಲಿ ಮರ್ಯಾದೆಸ್ತ ಕಪ್ಪು. ಇವಳು ಬೆಳಗ್ಗೆ ಐದಕ್ಕೆ ಎದ್ದು ಬಸ್ ಹಿಡಿದು ಹೋಗಿದ್ದಾಳೆ. ಡೈಲಾಗ್ ಹೇಳಿಸಿದ್ದಾರೆ, ಅಳಿಸಿದ್ದಾರೆ, ನಗಿಸಿದ್ದಾರೆ. "ತುಂಬಾ ಚೆನ್ನಾಗಿ ಮಾಡ್ತೀಯಮ್ಮ" ಅಂದಿದ್ದಾರೆ. ಆಮೇಲೆ ಒಳಗೆ ಹೋಗಿ ಮಾತಾಡಿಕೊಂಡು ಬಂದು ಹೇಳಿದ್ದು: "ಸ್ವಲ್ಪ ಜಾಸ್ತಿನೇ ಡಾರ್ಕ್ ಆಯ್ತು. ಲೈಟಿಂಗ್ ಕಷ್ಟ. ನಾವು ಮೇಕಪ್ಪಲ್ಲೇ ಮಾಡ್ಕೋತೀವಿ. ಮನೆಕೆಲಸದವಳ ಕ್ಯಾರೆಕ್ಟರ್ ಒಂದಿದೆ, ಮಾಡ್ತೀಯಾ?"

ಕಪ್ಪು ಹುಡುಗಿಯ ಪಾತ್ರಕ್ಕೆ ಕಪ್ಪು ಜಾಸ್ತಿ ಆಯ್ತಂತೆ!

ಅವಳಿಗೆ ದುಡ್ಡಿನ ಅವಶ್ಯಕತೆ ಇತ್ತು, ಒಪ್ಪಿಕೊಂಡಳು. ನಾಗರಬಾವಿ ಕಡೆ ಯಾವುದೋ ಬಾಡಿಗೆ ಬಂಗಲೆಯಲ್ಲಿ ಶೂಟಿಂಗ್. ಮೊದಲ ದಿನ ಮೇಕಪ್ ರೂಮಿನಲ್ಲಿ ನಾಯಕಿಯನ್ನ ಕೂರಿಸಿಕೊಂಡು ಬಣ್ಣ ಬಳಿಯುತ್ತಿದ್ದಾರೆ. ಆ ಹುಡುಗಿ ಬೆಳ್ಳಗೆ, ಪಾಪ ಅವಳಿಗೂ ಅದು ಹೊಸದು. ಎಷ್ಟು ಬಳಿದರೂ ಕ್ಯಾಮೆರಾದಲ್ಲಿ ಬೂದಿ ಬಣ್ಣ ಕಾಣ್ತಿದೆಯಂತೆ. ಮೇಕಪ್ಪಿನವರು ಸುತ್ತ ನೋಡಿ ನಮ್ಮ ಹುಡುಗಿಯನ್ನ ಕರೆದಿದ್ದಾರೆ. "ಒಂದು ನಿಮಿಷ ಕೈ ಕೊಡಮ್ಮ ಇಲ್ಲಿ."

ಇವಳ ಮೊಣಕೈ ಹಿಡಿದುಕೊಂಡು, ಅದರ ಪಕ್ಕ ನಾಯಕಿ ಕೆನ್ನೆ ಇಟ್ಟು ಶೇಡ್ ಹೊಂದಿಸಿದ್ದಾರೆ. ಮೂರು ಡಬ್ಬಿ ಬೆರೆಸಿದ ಮೇಲೆ ಸರಿಹೋಯಿತಂತೆ. "ಥ್ಯಾಂಕ್ಸಮ್ಮ, ಹೋಗು" ಅಂದರಂತೆ. ಇವಳು ಹೋಗಿ ಪೊರಕೆ ಹಿಡಿದುಕೊಂಡು ತನ್ನ ಶಾಟಿಗೆ ಕಾದಳು.

ಇದನ್ನ ಅವಳು ನನಗೆ ನಗ್ತಾ ಹೇಳಿದಳು. ನಾನು ನಗಲಿಲ್ಲ. ನಾನು ನಗದೇ ಇದ್ದದ್ದು ನೋಡಿ ಅವಳೂ ನಿಲ್ಲಿಸಿದಳು.

ಯಾರೂ ಅವಳನ್ನ ಬೈದಿಲ್ಲ. ಜಾತಿ ಕೇಳಿಲ್ಲ. ಅಟ್ರಾಸಿಟಿ ಕೇಸು ಹಾಕೋಕೆ ಏನೂ ನಡೆದಿಲ್ಲ. ಎಲ್ಲರೂ ಅಮ್ಮ, ಅಮ್ಮ ಅಂತಾನೇ ಮಾತಾಡಿಸಿದ್ದಾರೆ. ಅವಳ ಮೈಬಣ್ಣ ಅವರಿಗೆ ಬೇಕು, ಅವಳು ಬೇಡ. ಇದಕ್ಕೆ ನಮ್ಮ ಕಾನೂನಿನಲ್ಲಿ ಸೆಕ್ಷನ್ ಇಲ್ಲ.

ಇನ್ನು ಸೀರಿಯಲ್ಲಿನ ವೃತ್ತಿ ಅಂದರೆ ಏನು ಅಂತ ಸ್ವಲ್ಪ ನೋಡಿ. ನಾಯಕಿಗೆ ತಿಂಗಳಲ್ಲಿ ಹೆಚ್ಚು ದಿನ ಕೆಲಸ. ಮುಖ ಮನೆಮನೆಗೆ ಗೊತ್ತಾಗುತ್ತೆ. ಬಟ್ಟೆ ಅಂಗಡಿ ಉದ್ಘಾಟನೆ, ಜಾತ್ರೆ, ಗಣೇಶನ ಕಾರ್ಯಕ್ರಮ, ಇನ್‌ಸ್ಟಾಗ್ರಾಮ್ ಜಾಹೀರಾತು. ಅಲ್ಲಿಂದ ರಿಯಾಲಿಟಿ ಶೋ, ಅಲ್ಲಿಂದ ಸಿನಿಮಾ. ಒಂದು ಪಾತ್ರ ಇನ್ನೊಂದಕ್ಕೆ ಮೆಟ್ಟಿಲು. ಕೆಲಸದವಳ ಪಾತ್ರಕ್ಕೆ? ತಿಂಗಳಿಗೆ ನಾಲ್ಕೈದು ದಿನ ಕಾಲ್‌ಶೀಟ್. ದಿನದ ಲೆಕ್ಕದ ಪೇಮೆಂಟು, ಅದರಲ್ಲೂ ಕೋಆರ್ಡಿನೇಟರ್ ಕಮಿಷನ್. ಅವಳಿಗೆ ಮೊದಲ ತಿಂಗಳ ದುಡ್ಡು ಕೈಗೆ ಬಂದದ್ದು ಮೂರು ತಿಂಗಳ ಮೇಲೆ. ಸೀರೆ ಸ್ವಂತದ್ದು ತರಬೇಕು. ಅದೂ "ಹಳೇದು ತಗೊಂಡು ಬಾ, ಹೊಸದು ಬೇಡ." ಈ ಮೆಟ್ಟಿಲು ಹತ್ತಿದರೆ ಸಿಗೋದು ಇನ್ನೊಂದು ಮನೆಯ ಪೊರಕೆ. ನಾಲ್ಕು ವರ್ಷದಲ್ಲಿ ಅವಳು ಐದು ಸೀರಿಯಲ್ ಮಾಡಿದ್ದಾಳೆ. ಐದರಲ್ಲೂ ಕೆಲಸದವಳು. ಮೂರರಲ್ಲಿ ಪಾತ್ರಕ್ಕೆ ಹೆಸರೇ ಇರಲಿಲ್ಲ, ಸ್ಕ್ರಿಪ್ಟಿನಲ್ಲಿ 'ಕೆಲಸದವಳು' ಅಂತಲೇ ಬರೆದಿತ್ತು.

ಈಗ ಒಂದು ವಾದ ಬರುತ್ತೆ. ನನ್ನ ರಂಗಭೂಮಿ ಗೆಳೆಯರೇ ಹೇಳ್ತಾರೆ: "ನಟನೆ ಅಂದರೇ ತಾನಲ್ಲದ್ದು ಆಗೋದು. ಕಪ್ಪಗಿರೋರೇ ಕಪ್ಪಗಿರೋರ ಪಾತ್ರ ಮಾಡಬೇಕು, ದಲಿತರೇ ದಲಿತರ ಪಾತ್ರ ಮಾಡಬೇಕು ಅಂದರೆ ಕಲೆ ಎಲ್ಲಿ ಉಳಿಯುತ್ತೆ?"

ಒಳ್ಳೇ ಮಾತು. ನಾನೂ ಒಪ್ತೀನಿ. ಹಾಗಾದರೆ ಎರಡೂ ಕಡೆ ಒಪ್ಪಿ. ಬೆಳ್ಳಗಿರೋಳು ಕಪ್ಪಾಗಬಹುದು ಅಂದರೆ, ನಮ್ಮ ಕಪ್ಪು ಹುಡುಗಿ ಆ ಬಂಗಲೆಯ ಯಜಮಾನಿ ಆಗಬಹುದು ಅಲ್ವಾ? ಡಾಕ್ಟರ್, ಜಡ್ಜ್, ಕಂಪನಿ ಎಂಡಿ ಆಗಬಹುದು ಅಲ್ವಾ? ಬಣ್ಣದ ಬಗ್ಗೆ ಒಂದು ಮಾತೂ ಆಡದೆ, ಸುಮ್ಮನೆ, ಕಥೆಯ ನಾಯಕಿ ಆಗಬಹುದು ಅಲ್ವಾ? ಈ 'ತಾನಲ್ಲದ್ದು ಆಗೋ' ಸ್ವಾತಂತ್ರ್ಯ ಯಾವಾಗಲೂ ಒಂದೇ ಕಡೆಯಿಂದ ಯಾಕೆ ಹರಿಯುತ್ತೆ?

ಇದು ಇವತ್ತಿನ ಪ್ರಶ್ನೆ ಅಲ್ಲ. ಪ್ರೇಮಿ ವಿಶ್ವನಾಥ್ ಅವರ ಅದೇ ಕೇರಳದಲ್ಲಿ, ಸುಮಾರು ತೊಂಬತ್ತೈದು ವರ್ಷದ ಹಿಂದೆ, ಮಲಯಾಳಂ ಚಿತ್ರರಂಗದ ಮೊಟ್ಟಮೊದಲ ನಾಯಕಿ ಒಬ್ಬ ದಲಿತ ಹೆಣ್ಣುಮಗಳು. ಪಿ.ಕೆ. ರೋಸಿ. ಜೆ.ಸಿ. ಡೇನಿಯಲ್ ಮಾಡಿದ 'ವಿಗತಕುಮಾರನ್' ಮೂಕಿ ಸಿನಿಮಾದಲ್ಲಿ ಆಕೆ ನಾಯರ್ ಹೆಣ್ಣಿನ ಪಾತ್ರ ಮಾಡಿದಳು. ತಾನಲ್ಲದ್ದು ಆದಳು. ಜನ ಏನು ಮಾಡಿದರು? ತಿರುವನಂತಪುರದಲ್ಲಿ ಪರದೆಗೆ ಕಲ್ಲು ಹೊಡೆದರು. ಅವಳ ಗುಡಿಸಲಿಗೆ ಬೆಂಕಿ ಇಟ್ಟರು. ಅವಳು ರಾತ್ರೋರಾತ್ರಿ ಊರು ಬಿಟ್ಟು ತಮಿಳುನಾಡಿನ ಕಡೆ ಓಡಿದಳು. ಮತ್ತೆ ಪರದೆ ಮೇಲೆ ಬರಲೇ ಇಲ್ಲ. 2023ರ ಫೆಬ್ರವರಿಯಲ್ಲಿ ಗೂಗಲ್ ಅವಳ ಚಿತ್ರ ಹಾಕಿ ಗೌರವಿಸಿತು, ಆಗ ಎಷ್ಟೋ ಜನಕ್ಕೆ ಆ ಹೆಸರು ಗೊತ್ತಾಯ್ತು. ಒಂದೇ ಸಿನಿಮಾದ ವೃತ್ತಿಬದುಕು. ಈಗ ಯಾರೂ ಬೆಂಕಿ ಇಡಲ್ಲ. "ಲೈಟಿಂಗ್ ಕಷ್ಟ" ಅಂತಾರೆ.

ಇನ್ನೊಂದು ಮಾತು. ಈ ಸೀರಿಯಲ್ಲುಗಳು ಬಣ್ಣದ ಬಗ್ಗೆ ಮಾತಾಡ್ತವೆ, ಜಾತಿ ಬಗ್ಗೆ ಬಾಯಿ ಬಿಡಲ್ಲ. ಬಣ್ಣ ಸಲೀಸು. ಬಣ್ಣ ಹುಟ್ಟಿನಿಂದ ಬಂದ 'ದುರದೃಷ್ಟ', ಅದಕ್ಕೆ ಕನಿಕರ ಸಾಕು. ಎಲ್ಲ ಜಾತಿಯಲ್ಲೂ ಕಪ್ಪಗಿರೋರು ಇದ್ದಾರೆ, ಬೆಳ್ಳಗಿರೋ ದಲಿತರೂ ಇದ್ದಾರೆ. ಬಣ್ಣವೇ ಜಾತಿ ಅಂತ ನಾನು ಹೇಳ್ತಿಲ್ಲ. ಆದರೆ ಜಾತಿ ಅಂದರೆ ಯಾರೋ ಮಾಡಿದ್ದು, ಮಾಡಿದವರು ಮನೆಯಲ್ಲೇ ಸೋಫಾ ಮೇಲೆ ಕೂತು ಸೀರಿಯಲ್ ನೋಡ್ತಿರ್ತಾರೆ. ಅವರನ್ನ ಬೇಜಾರು ಮಾಡಿದರೆ ಟಿಆರ್‌ಪಿ ಏನಾಗಬೇಕು?

ವಂಟಲಕ್ಕನ ಕೈ ಅಡುಗೆಗೆ ಊರೆಲ್ಲ ಮರುಳಾಗುತ್ತೆ. ಸರಿ. ಒಂದು ಎಪಿಸೋಡಿನಲ್ಲಿ ಆ ವಂಟಲಕ್ಕ "ನಾನು ಮಾಲ" ಅಂತಲೋ "ನಾನು ಮಾದಿಗರೋಳು" ಅಂತಲೋ ಹೇಳಿದ್ದರೆ, ಆ ಟಿಫಿನ್ನಿಗೆ ಎಷ್ಟು ಜನ ಕ್ಯೂ ನಿಲ್ಲುತ್ತಿದ್ದರು? ಬಿಸಿಯೂಟದ ಅಡುಗೆಯವಳು ದಲಿತಳು ಅಂತ ಮಕ್ಕಳಿಗೆ ಊಟ ಬೇಡ ಅಂದ ಸುದ್ದಿ ನಮ್ಮ ರಾಜ್ಯದಲ್ಲೇ ಎಷ್ಟು ಸಲ ಓದಿಲ್ಲ? ನಮ್ಮಮ್ಮ ಮೂವತ್ತು ವರ್ಷ ಊರಿನ ದೊಡ್ಡಮನೆಯ ಕೊಟ್ಟಿಗೆ ಗುಡಿಸಿದಳು. ಅಡುಗೆಮನೆ ಯಾವ ಕಡೆ ಇದೆ ಅಂತಲೂ ಅವಳಿಗೆ ಗೊತ್ತಿಲ್ಲ. ಸೀರಿಯಲ್ಲಿನ ಕೆಲಸದವಳು ದೇವರಮನೆ ಮುಂದೆ ರಂಗೋಲಿ ಹಾಕೋದು ನೋಡಿ ಅಮ್ಮ, "ಇವಳು ನಮ್ಮೋಳಲ್ಲ ಬಿಡು" ಅಂತಾಳೆ. ಅಂದರೆ ಆ ಪೊರಕೆಯೂ ಪೂರ್ತಿ ನಮ್ಮದಲ್ಲ.

ಹೇಳಿ, ನೀವು ನೋಡೋ ಸೀರಿಯಲ್ ಮನೆಗಳಲ್ಲಿ ಕೊನೇ ಸಲ ಕೋಳಿ ಸಾರು ಕುದಿದದ್ದು ಯಾವಾಗ? ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಕಂಡದ್ದು ಯಾವಾಗ?

"ನಿಮ್ಮಲ್ಲಿ ಕಥೆ ಎಲ್ಲಿದೆ ಸರ್, ಬರೀ ಗೋಳು" ಅಂತ ಒಬ್ಬ ಸಂಭಾಷಣೆಕಾರ ನನ್ನ ಮುಂದೆಯೇ ಹೇಳಿದ. 2022ರಲ್ಲಿ ನಮ್ಮ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಉತ್ಸವದ ಕೋಲು ಮುಟ್ಟಿದ ಅಂತ ಅರವತ್ತು ಸಾವಿರ ದಂಡ ಹಾಕಿದರು. ಆ ತಾಯಿ ಏನು ಮಾಡಿದಳು ಗೊತ್ತಾ? ಮುಟ್ಟಿದರೆ ಮೈಲಿಗೆ ಆಗೋ ದೇವರು ನಮಗೆ ಬೇಡ ಅಂತ ಮನೆಯ ದೇವರ ಫೋಟೋಗಳನ್ನ ಇಳಿಸಿ ಅಂಬೇಡ್ಕರ್ ಫೋಟೋ ಇಟ್ಟಳು. ಇದು ಗೋಳಾ? ನಾಯಕಿ ಅಂದರೆ ಇವಳಲ್ಲದೆ ಇನ್ನು ಯಾರು? ಇಂಥ ಒಬ್ಬ ತಾಯಿಯ ಕಥೆ ಇನ್ನೂರು ಎಪಿಸೋಡು ಓಡಲ್ವಾ? ವಿಷ ಬೆರೆಸಿದ ಹಾಲಿನ ಲೋಟ ಒಂದು ವಾರ ಓಡುತ್ತೆ, ಇದು ಓಡಲ್ವಾ?

ಕನ್ನಡದಲ್ಲಿ ಒಳ್ಳೇ ಪ್ರಯತ್ನ ಆಗೇ ಇಲ್ಲ ಅಂತಲ್ಲ. ಟಿ.ಎನ್. ಸೀತಾರಾಂ ಅಂಥವರು 'ಮಾಯಾಮೃಗ'ದ ಕಾಲದಿಂದ ಸಮಾಜದ ಮಾತನ್ನ ಮನೆಯೊಳಗೆ ತಂದರು, ಅದು ನೆನಪಿದೆ. ಆದರೆ ನಮ್ಮ ಜನ ಟಿವಿ ಮುಂದೆ ಎದೆಯುಬ್ಬಿಸಿ ಕೂತದ್ದು ಯಾವಾಗ ಅಂದರೆ 2020ರಲ್ಲಿ. ಲಾಕ್‌ಡೌನ್ ಸಮಯ. ಶೂಟಿಂಗ್ ನಿಂತು ಚಾನೆಲ್ಲುಗಳು ಡಬ್ಬಿಂಗ್ ಹಿಡಿದವು. ಜೀ ಕನ್ನಡದಲ್ಲಿ 'ಮಹಾನಾಯಕ' ಬಂತು. ಹಿಂದಿಯಿಂದ ಡಬ್ ಆದ ಬಾಬಾಸಾಹೇಬರ ಕಥೆ. ಹಳ್ಳಿಹಳ್ಳಿಯಲ್ಲಿ ಜನ ತಮ್ಮ ಕೈದುಡ್ಡು ಹಾಕಿ ಫ್ಲೆಕ್ಸ್ ಕಟ್ಟಿದರು. ಒಂದು ಸೀರಿಯಲ್ಲಿಗೆ ಜನ ತಾವಾಗೇ ಫ್ಲೆಕ್ಸ್ ಕಟ್ಟಿದ್ದು ನಾನು ಕಂಡಿದ್ದು ಅದೊಂದೇ ಸಲ. ಪ್ರಸಾರ ನಿಲ್ಲಿಸಿ ಅಂತ ಆಗಿನ ಚಾನೆಲ್ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆ ಕರೆ ಬಂದವು. ಅವರು ನಿಲ್ಲಿಸಲಿಲ್ಲ. ಆ ಋಣ ಇದೆ.

ಡಬ್ಬಿಂಗ್ ಬಂದರೆ ಕನ್ನಡ ಕಲಾವಿದರ ಹೊಟ್ಟೆಗೆ ಹೊಡೆತ ಅಂತ ಹೋರಾಡಿದವರ ಕಷ್ಟ ನನಗೆ ಅರ್ಥ ಆಗುತ್ತೆ, ನಮ್ಮ ಮನೆಯಲ್ಲೇ ಒಬ್ಬಳು ಕಲಾವಿದೆ ಇದ್ದಾಳೆ. ಆದರೆ ಒಂದು ಪ್ರಶ್ನೆ. ಅಷ್ಟು ವರ್ಷ ಬರೀ ಸ್ವಂತ ಕನ್ನಡ ಸೀರಿಯಲ್ ಮಾಡಿದಿರಲ್ಲ, ಬಾಬಾಸಾಹೇಬರ ಬದುಕನ್ನ ಈ ಮಟ್ಟದಲ್ಲಿ ಮನೆಮನೆಗೆ ಮುಟ್ಟಿಸೋ ಒಂದು ಸೀರಿಯಲ್ ನಿಮ್ಮ ಕೈಯಲ್ಲಿ ಆಗಲಿಲ್ಲ ಯಾಕೆ? ಅದನ್ನ ಹಿಂದಿಯಿಂದ ತರಿಸಿಕೊಂಡು ನೋಡಬೇಕಾಯ್ತು.

ಈಗ ನಮ್ಮ ಕಡೆಗೂ ಒಂದು ಕಲ್ಲು. ಫ್ಲೆಕ್ಸ್ ಕಟ್ಟಿದೆವು, ಹಾಲೆರೆದೆವು, ಮುಗೀತು. ಚಳವಳಿಯವರಾದ ನಾವು ಸೀರಿಯಲ್ ಅಂದರೆ ಹೆಂಗಸರ ಕಾಲಹರಣ ಅಂತ ಬಿಟ್ಟುಬಿಟ್ಟೆವು. ಬೀದಿನಾಟಕಕ್ಕೆ ಹುಡುಗರನ್ನ ತಯಾರು ಮಾಡಿದೆವು. ಒಬ್ಬನನ್ನ ಸ್ಕ್ರಿಪ್ಟ್ ಬರೆಯೋಕೆ ಕಳಿಸಲಿಲ್ಲ, ಒಬ್ಬಳನ್ನ ಕ್ಯಾಮೆರಾ ಹಿಡಿಯೋಕೆ ಕಳಿಸಲಿಲ್ಲ. ನಮ್ಮ ಅಮ್ಮಂದಿರು ದಿನಾ ಎರಡು ಗಂಟೆ ಕೂತು ನೋಡೋ ಜಾಗವನ್ನ ಪೂರ್ತಿ ಬೇರೆಯವರಿಗೆ ಬಿಟ್ಟುಕೊಟ್ಟು, ಆಮೇಲೆ "ಮನುವಾದಿ ಮಾಧ್ಯಮ" ಅಂತ ಸ್ಟೇಟಸ್ ಹಾಕಿದೆವು.

ಈ ಮಾತು ನನಗೆ ಹೇಳಿದ್ದು ಅದೇ ಹುಡುಗಿ. ಹೋದ ವರ್ಷ ಅವಳಿಗೆ ಮತ್ತೊಂದು ಆಫರ್ ಬಂತು. ಮತ್ತೆ ಕೆಲಸದವಳು. ಆದರೆ ಈ ಸಲ ತಿಂಗಳಿಗೆ ಹನ್ನೆರಡು ದಿನ ಕೆಲಸ, ಪೇಮೆಂಟೂ ಪರವಾಗಿಲ್ಲ. ನನ್ನ ಕೇಳಿದಳು. ನಾನು ರೇಗಿದೆ. "ನಿಮ್ಮಜ್ಜಿ ಊರೋರ ಕೊಟ್ಟಿಗೆ ಗುಡಿಸಿದ್ದು ಸಾಲದಾ? ನೀನು ಟಿವಿಲೂ ಗುಡಿಸಬೇಕಾ? ಬೇಡ ಅಂದ್ಬಿಡು."

ಅವಳು ಸುಮ್ಮನಿರೋಳಲ್ಲ. "ಮಾಮ, ಅಜ್ಜಿ ಗುಡಿಸಿದ ದುಡ್ಡಲ್ಲೇ ಅಲ್ವಾ ನೀನು ಓದಿದ್ದು? ಗುಡಿಸೋದು ನಾಚಿಕೆ ಅಂತ ನೀನೇ ಹೇಳ್ತೀಯಾ? ಪೊರಕೆ ಹಿಡಿಯೋದಕ್ಕೆ ನನಗೆ ನಾಚಿಕೆ ಇಲ್ಲ. ಪೊರಕೆ ಬಿಟ್ಟು ಬೇರೇನೂ ಕೊಡಲ್ಲ ಅನ್ನೋದಕ್ಕೆ ಸಿಟ್ಟಿದೆ. ಬೇಡ ಅಂತ ಮನೇಲಿ ಕೂತರೆ ಈ ತಿಂಗಳ ಬಾಡಿಗೆ ನಿನ್ನ ಸಂಘಟನೆ ಕಟ್ಟುತ್ತಾ? ನಿನಗೆ ಅಷ್ಟು ಸಿಟ್ಟಿದ್ರೆ ನನಗೊಂದು ಪಾತ್ರ ಬರಿ. ಮೂವತ್ತು ವರ್ಷದಿಂದ ಕರಪತ್ರ ಬರೀತಿದ್ದೀಯಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವಳು ಒಪ್ಪಿಕೊಂಡು ಹೋದಳು. ಹೋಗಿ ಒಂದೇ ಒಂದು ಕೇಳಿದಳಂತೆ: "ಸರ್, ನನ್ನ ಪಾತ್ರಕ್ಕೆ ಒಂದು ಹೆಸರು ಇಡಿ. ಯಾವೂರು ಅಂತ ಹೇಳಿ." ಅಸೋಸಿಯೇಟ್ ಡೈರೆಕ್ಟರ್ ನಕ್ಕನಂತೆ, ಆಮೇಲೆ "ನೀನೇ ಇಟ್ಕೋ" ಅಂದನಂತೆ. ಅವಳು ನಮ್ಮಮ್ಮನ ಹೆಸರು ಇಟ್ಟುಕೊಂಡಳು. ಒಂದು ದಿನ ಯಜಮಾನಿ "ಎಲ್ಲಿ ಹೋಗಿದ್ದೆ ಇಷ್ಟೊತ್ತು?" ಅಂತ ರೇಗೋ ಸೀನು. ಸ್ಕ್ರಿಪ್ಟಿನಲ್ಲಿ ಇವಳು ತಲೆ ತಗ್ಗಿಸಿ "ತಪ್ಪಾಯ್ತಮ್ಮ" ಅನ್ನಬೇಕು. ಇವಳು ತಲೆ ಎತ್ತಿಕೊಂಡೇ, ನಮ್ಮ ಕೋಲಾರದ ಕಡೆ ರಾಗದಲ್ಲಿ, "ನನ್ನ ಮಗಂದು ಸ್ಕೂಲ್ ಮೀಟಿಂಗ್ ಇತ್ತಮ್ಮ, ಹೇಳೇ ಹೋಗಿದ್ದೆ" ಅಂದಿದ್ದಾಳೆ. ಟೈಮ್ ಇರಲಿಲ್ಲ, ರೀಟೇಕ್ ಮಾಡಲಿಲ್ಲ. ಹಾಗೇ ಪ್ರಸಾರ ಆಯ್ತು. ನಾಲ್ಕೈದು ಸೆಕೆಂಡು ಇರಬಹುದು.

ಅಮ್ಮ ಅದನ್ನ ನೋಡಿದಳು. ತನ್ನ ಹೆಸರು ಟಿವಿಯಲ್ಲಿ ಕೇಳಿ ಮೊದಲು ಗಾಬರಿಯಾದಳು. ಆಮೇಲೆ ಮೊಮ್ಮಗಳ ಡೈಲಾಗ್ ಕೇಳಿ ನನ್ನ ಕಡೆ ತಿರುಗಿ, "ನಿನ್ನ ಸ್ಕೂಲಿಗೆ ನಾನು ಒಂದು ಸಲಾನೂ ಬರೋಕಾಗ್ಲಿಲ್ಲ, ರಜ ಕೊಡ್ತಿರಲಿಲ್ಲ" ಅಂದಳು. ಅಷ್ಟೇ. ಮತ್ತೆ ಟಿವಿ ನೋಡಿದಳು.

ಇದಕ್ಕೆ ಸಿನಿಮಾ ಥರ ಸುಖಾಂತ್ಯ ಇಲ್ಲ. ಎರಡು ತಿಂಗಳಲ್ಲಿ ಆ ಪಾತ್ರ "ಊರಿಗೆ ಹೋಗಿದ್ದಾಳೆ" ಅಂತ ಆಯ್ತು, ವಾಪಸ್ ಬರಲಿಲ್ಲ. ಈಗ ಅವಳು ಒಂದು ಶಾಲೆಯಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡ್ತಾ, ಫೋನ್ ಬಂದರೆ ಆಡಿಷನ್ನಿಗೆ ಹೋಗ್ತಾ ಇದ್ದಾಳೆ.

ನಾನು ಕೇಳೋದು ದೊಡ್ಡದೇನಲ್ಲ. ಸೀರಿಯಲ್ ಮಾಡೋ ಗೆಳೆಯರು, ನನ್ನ ಪಟ್ಟಿಯಲ್ಲೇ ಕೆಲವರು ಇದ್ದೀರಿ, ಕೇಳಿಸಿಕೊಳ್ಳಿ.

ಕಪ್ಪು ಹುಡುಗಿಯ ಕಥೆ ಮಾಡ್ತೀರಾ, ಕಪ್ಪು ಹುಡುಗಿಯನ್ನ ಹಾಕಿ. ಲೈಟಿಂಗ್ ಕಷ್ಟ ಅಂದರೆ ಲೈಟಿಂಗ್ ಕಲೀರಿ, ಮುಖ ಬದಲಾಯಿಸಬೇಡಿ. ಕಪ್ಪಿನ ಕಥೆ ಅಲ್ಲದ ಸೀರಿಯಲ್ಲಿಗೂ ಹಾಕಿ, ಅಲ್ಲಿ ಬಣ್ಣದ ಮಾತೇ ಬೇಡ. ಕೆಲಸದವಳ ಪಾತ್ರಕ್ಕೆ ಒಂದು ಹೆಸರು, ಒಂದು 'ತನ್ನ ಮನೆ' ಕೊಡಿ. ಕಥೆ ಬರೆಯೋ ರೂಮಿನಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಒಂದು ಕುರ್ಚಿ ಹಾಕಿ. ದಾನ ಬೇಡ, ಆಡಿಷನ್ ಮಾಡಿ ತಗೊಳ್ಳಿ. ಆದರೆ ಪಾತ್ರಕ್ಕೆ ಆಡಿಷನ್ ಮಾಡಿ, ಶೇಡ್ ಹೊಂದಿಸೋಕೆ ಅಲ್ಲ.

ನಮ್ಮವರಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಡಿಜೆ, ಫ್ಲೆಕ್ಸ್ ಅಂತ ಖರ್ಚು ಮಾಡೋ ದುಡ್ಡಿನಲ್ಲಿ ಒಂದು ಪಾಲು ತೆಗೆದು, ತಾಲೂಕಿಗೊಬ್ಬರಂತೆ ಮಕ್ಕಳನ್ನ ಬರವಣಿಗೆ, ಕ್ಯಾಮೆರಾ, ಎಡಿಟಿಂಗ್ ಕಲಿಯೋಕೆ ಕಳಿಸೋಣ. ನಾನು ನನ್ನ ಪಾಲಿಂದು ಶುರು ಮಾಡಿದ್ದೀನಿ. ಹುಡುಗಿ ಬೈದ ಮೇಲೆ ಕೂತು ಒಂದು ಕಥೆ ಬರೀತಿದ್ದೀನಿ. ಕೊಟ್ಟಿಗೆ ಗುಡಿಸುತ್ತಿದ್ದ ಹೆಂಗಸೊಬ್ಬಳು ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆಗೋ ಕಥೆ. ಹದಿನೇಳು ಸೀನ್ ಆಗಿದೆ. ಹನ್ನೊಂದು ಅವಳು ಹೊಡೆದು ಹಾಕಿದ್ದಾಳೆ, "ಮಾಮ, ಇದು ಡೈಲಾಗ್ ಅಲ್ಲ, ಭಾಷಣ" ಅಂತ.

ಕಲೀತೀನಿ. ಸೀರಿಯಲ್ ಫೀಲ್ಡಿನಲ್ಲಿ ಇರೋ ನಮ್ಮ ಹುಡುಗ ಹುಡುಗಿಯರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಹೆಸರು ಎಲ್ಲೂ ಹಾಕಲ್ಲ.

ಜೈಭೀಮ್.